ರೂಟರ್ ಸರಿಯಾಗಿಯೇ ಇತ್ತು

ಚಿಕ್ಕಲಸಂದ್ರದ ಹಾಲಿನ ಬೂತು ಈಗಷ್ಟೇ ಬಾಗಿಲು ತೆರೆದಿದೆ. ಎದುರಿನ ಕಂಬಕ್ಕೆ ಏಣಿ ಒರಗಿದೆ. ಮರಳು ಲಾರಿಗೆ ಸಿಕ್ಕಿ ತುಂಡಾದ ಇಂಟರ್ನೆಟ್ ಕೇಬಲ್ಲಿನ ಎರಡೂ ತುದಿಗಳನ್ನು ಕೆಳಗಿಳಿಸಿಕೊಂಡು, ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತಿದ್ದಾರೆ ದೇವದಾಸ್. ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳನ್ನು ತೊಡೆಯ ಮೇಲಿನ ಯಂತ್ರದಲ್ಲಿಟ್ಟು ಬೆಸೆಯುತ್ತಿದ್ದಾರೆ.

"ಅಣ್ಣ, ನೆಟ್ ಯಾವಾಗ ಬರುತ್ತೆ? ನಂದು ಮೀಟಿಂಗಿದೆ," ಎಂದು ವಾಕಿಂಗ್ ಹೊರಟವರೊಬ್ಬರು ನಿಂತು ಕೇಳುತ್ತಾರೆ.

"ಮನೆಗೆ ಹೋಗೋಷ್ಟ್ರಲ್ಲಿ ಬಂದಿರುತ್ತೆ ಸಾರ್."

ಬಡಾವಣೆಗೆಲ್ಲ ಅವರು ನೆಟ್ ಅಣ್ಣ. ಹೆಸರು ಗೊತ್ತಿರುವವರು ಕಡಿಮೆ. ಇಲ್ಲಿನ ಹಳೆಯ ಕಾಲೊನಿಯಲ್ಲೇ ಹುಟ್ಟಿ, ಪಿಯುಸಿ ಅರ್ಧಕ್ಕೆ ಬಿಟ್ಟು, ಟಿವಿ ಕೇಬಲ್ ಎಳೆಯುವ ಕೆಲಸಕ್ಕೆ ಸೇರಿದವರು. ಒಮ್ಮೆ ಕಂಬದಿಂದ ಬಿದ್ದ ಮೇಲೆ ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಈಗ ಸ್ಥಳೀಯ ಇಂಟರ್ನೆಟ್ ಕಂಪನಿಯೊಂದರ ಲೈನ್‌ಮನ್. ದಿನಕ್ಕೆ ಹದಿನೈದು, ಇಪ್ಪತ್ತು ಮನೆಗಳ ಮೆಟ್ಟಿಲು ಹತ್ತುತ್ತಾರೆ.

ಅವರು ಹತ್ತಲಾರದ ಮೆಟ್ಟಿಲು ಒಂದಿದೆ. ಅದು ಕಾತ್ಯಾಯಿನಿಯವರ ಮನೆಯದು.

ಕಾತ್ಯಾಯಿನಿ ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು. ಈಗ ಮನೆಯಲ್ಲೇ ಹತ್ತನೇ ತರಗತಿಯ ಪಾಠಗಳನ್ನು ಸನ್ನೆ ಭಾಷೆಯಲ್ಲಿ ವಿಡಿಯೋ ಮಾಡುತ್ತಾರೆ. ಬೇರೆ ಬೇರೆ ಜಿಲ್ಲೆಗಳ ಶಾಲೆಗಳು ಅವನ್ನು ಫೈಲ್ ಶೇರಿಂಗ್ ಮೂಲಕ, ಅಂದರೆ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ನೇರವಾಗಿ, ಹಂಚಿಕೊಳ್ಳುತ್ತವೆ. ಈ ವರ್ಷ ಪರೀಕ್ಷೆ ಹತ್ತಿರ ಬಂದಾಗ ವಿಜ್ಞಾನದ ಪಾಠಗಳು ಅವರ ಮನೆಯಿಂದ ಹೊರಗೇ ಹೋಗಲಿಲ್ಲ. ಬೇರೆಲ್ಲ ಸರಿಯಿತ್ತು, ಫೈಲ್ ಕಳಿಸಲು ಕೂತರೆ ಮಾತ್ರ ನೆಟ್ ತೆವಳುತ್ತಿತ್ತು.

ದೂರು ಕೊಟ್ಟಾಗ ದೇವದಾಸ್ ಹೋದರು. ಲೈನ್ ಪರೀಕ್ಷಿಸಿದರು, ತೊಂದರೆ ಕಾಣಲಿಲ್ಲ. ಅಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ಆಫೀಸು ಎಲ್ಲರಿಗೂ ಕಲಿಸಿತ್ತು. ಅದನ್ನೇ ಹೇಳಿದರು: "ರೂಟರ್ ಹಳೇದಾಗಿದೆ ಮೇಡಂ, ಚೇಂಜ್ ಮಾಡ್ಬಿಡಿ."

ಕಾತ್ಯಾಯಿನಿ ಹೊಸದು ತಂದರು. ಆದರೂ ಪಾಠ ಹೋಗಲಿಲ್ಲ. ದೇವದಾಸ್ ಮತ್ತೆ ಹೋದಾಗ ಕಾತ್ಯಾಯಿನಿ ರೇಗಲಿಲ್ಲ. "ನಂಗೇ ಇದೆಲ್ಲ ಸರಿಯಾಗಿ ಬರಲ್ಲ ಅಂತ ಕಾಣುತ್ತೆ. ನಿಮ್ಮನ್ನ ಸುಮ್ನೆ ಅಲೆದಾಡಿಸ್ತಿದೀನಿ, ಬೇಜಾರು ಮಾಡ್ಕೋಬೇಡಿ," ಎಂದರು.

ಆ ಮಾತು ಹೇಳುವಾಗ ದೇವದಾಸ್ ಈಗಲೂ ಮುಖ ತಿರುಗಿಸುತ್ತಾರೆ. ಅಲ್ಲಿಂದ ನೇರವಾಗಿ ಆಫೀಸಿಗೆ ಹೋಗಿ ಎಂಜಿನಿಯರ್ ವೇಣು ಅವರನ್ನು ಕೇಳಿದರಂತೆ. ವೇಣು ಮುಚ್ಚಿಡಲಿಲ್ಲ: "ಲೈನ್ ಪ್ರಾಬ್ಲಂ ಅಲ್ಲ ದೇವಣ್ಣ. ಫೈಲ್ ಶೇರಿಂಗನ್ನ ನಾವೇ ಇಲ್ಲಿಂದ ಹಿಡಿದಿಟ್ಟಿದೀವಿ. ಎಲ್ಲಾ ಸಿನಿಮಾ ಕದಿಯೋರೇ. ನಾಲ್ಕು ಮನೆಯೋರು ಇಡೀ ಲೈನ್ ತಿಂದ್ರೆ ಮಿಕ್ಕೋರು ಏನ್ ಮಾಡ್ಬೇಕು?"

ಮಾರನೆಯ ಬೆಳಿಗ್ಗೆ ದೇವದಾಸ್ ಕಾತ್ಯಾಯಿನಿಯವರ ಬಾಗಿಲಲ್ಲಿ ನಿಂತು ಎಲ್ಲ ಹೇಳಿದರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ನಿಮಗೆ ಮೊದ್ಲೇ ಗೊತ್ತಿತ್ತಾ?"

"ಇದು ಗೊತ್ತಿರ್ಲಿಲ್ಲ ಮೇಡಂ. ಆದ್ರೆ ರೂಟರ್ ಚೆನ್ನಾಗಿದೆ ಅಂತ ಗೊತ್ತಿತ್ತು."

ಜಾಲದಲ್ಲಿ ಹರಿಯುವುದೆಲ್ಲವನ್ನೂ ಕಂಪನಿ ಸಮನಾಗಿ ಸಾಗಿಸಬೇಕೇ, ತನಗೆ ಬೇಡದ್ದನ್ನು ತಡೆಯಬಹುದೇ ಎಂಬ ಚರ್ಚೆಗೆ ನೆಟ್ ನ್ಯೂಟ್ರಾಲಿಟಿ ಎಂದು ಹೆಸರು. ಭೇದ ಮಾಡಕೂಡದೆಂಬ ನಿಯಮ ನಮ್ಮಲ್ಲಿದೆ. ಕಾತ್ಯಾಯಿನಿ ಅದನ್ನೇ ಎತ್ತಿ ಹಿಡಿದು ದೂರು ಬರೆದರು. ಸಾಕ್ಷಿಗೆ ನಿಮ್ಮ ಹೆಸರು ಹಾಕಲೇ ಎಂದು ಕೇಳಿದಾಗ ದೇವದಾಸ್ ಒಪ್ಪಿದರು. "ಅವತ್ತು ರಾತ್ರಿ ಅನ್ನದ ಮುಂದೆ ಕೂತಿದ್ರು ಅಷ್ಟೇ, ಉಣ್ಲಿಲ್ಲ," ಎನ್ನುತ್ತಾರೆ ಪತ್ನಿ ವನಿತಾ. "ಕೆಲಸ ಹೋಗುತ್ತೆ ಅಂತ ಭಯಾನಾ ಅಂದೆ. ಅಲ್ಲ, ನಾಚಿಕೆ ಅಂದ್ರು."

ಕೆಲಸ ಹೋಗಲಿಲ್ಲ. ಮನೆಗಳಿಗೆ ಹೋಗುವುದನ್ನು ಬಿಡಿಸಿ, ತಲಘಟ್ಟಪುರದ ಕಡೆ ಹೊಸ ಕೇಬಲ್ ಎಳೆಯಲು ಕೆಲವು ತಿಂಗಳು ಅಟ್ಟಿದರು. ಆಳು ಸಾಲದಾದಾಗ ವಾಪಸು ಕರೆಸಿಕೊಂಡರು. ಕಂಪನಿ ಕಾತ್ಯಾಯಿನಿಯವರ ಲೈನನ್ನಷ್ಟೇ ಸರಾಗ ಮಾಡಿತು. ಪಾಠಗಳು ಶಾಲೆಗಳನ್ನು ತಲುಪುವ ಹೊತ್ತಿಗೆ ವಿಜ್ಞಾನದ ಪರೀಕ್ಷೆ ಮುಗಿದಿತ್ತು. ಬೇರೆ ಮನೆಗಳಲ್ಲಿ ತಡೆ ಇನ್ನೂ ಇದೆ.

"ವೇಣು ಸಾರ್ ಹೇಳೋದೂ ಒಂದು ಮಾತೇ," ಎನ್ನುತ್ತಾರೆ ದೇವದಾಸ್, ಯಂತ್ರವನ್ನು ಚೀಲಕ್ಕೆ ಹಾಕುತ್ತ. "ಆದ್ರೆ ಜನಕ್ಕೆ ಹೇಳಿ ಮಾಡ್ಲಿ. ನಮ್ಮ ಬಾಯಲ್ಲಿ ಸುಳ್ಳು ಹೇಳಿಸೋದ್ಯಾಕೆ?" ಈಗ ಯಾರು ಕೇಳಿದರೂ ಆಫೀಸಿನವರೇ ನಿಧಾನ ಮಾಡಿದ್ದಾರೆ, ದೂರು ಕೊಡಿ ಎನ್ನುತ್ತಾರೆ. ಅದಕ್ಕಾಗಿ ಎರಡು ಸಲ ಬೈಸಿಕೊಂಡಿದ್ದಾರೆ.

ಕಾತ್ಯಾಯಿನಿ ಆಗಾಗ ಫೋನ್ ಮಾಡಿ ಮನೆಗೆ ಕರೆಯುತ್ತಾರೆ. ಅವರ ಬೀದಿಯ ಕೆಲಸ ಬಂದರೆ ದೇವದಾಸ್ ಬೇರೊಬ್ಬರಿಗೆ ದಾಟಿಸುತ್ತಾರೆ. ಯಾಕೆಂದು ಕೇಳಿದರೆ ಏಣಿಯನ್ನು ಎಡಗೈಯಲ್ಲಿ ಎತ್ತಿ ಹೆಗಲಿಗೆ ಹಾಕಿಕೊಂಡು ಹೇಳುತ್ತಾರೆ:

"ಬೈದಿದ್ರೆ ಹೋಗಿ ಬರ್ತಿದ್ದೆ ಸಾರ್. ಅವ್ರು ಥ್ಯಾಂಕ್ಸ್ ಹೇಳಿದ್ರು."