ಗಂಗತ್ತೆಯ ಒಡೆಯದ ಸಂಖ್ಯೆ

ಒದ್ದೆ ಬಟ್ಟೆಯಿಂದ ಒರೆಸಿದ ಪಾಟಿಯ ವಾಸನೆ ನಿಮಗೆ ನೆನಪಿದೆಯೇ? ಬಾವಿಕಟ್ಟೆಯ ಕಲ್ಲಿನಂಥ ತಣ್ಣನೆಯ ವಾಸನೆ. ಮೊನ್ನೆ ಮೊಮ್ಮಗಳ ಪಾಟಿ ಒರೆಸುವಾಗ ಅದು ಮೂಗಿಗೆ ಬಂತು, ಅದರೊಂದಿಗೆ ಗೋಕಾಕದ ನಮ್ಮ ಅಡುಗೆಮನೆಯೂ ಒಲೆಯ ಮುಂದೆ ಕೂತ ಗಂಗತ್ತೆಯೂ ಬಂದರು. ಅಪ್ಪ ಸಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಗಂಗತ್ತೆ ಅವರ ತಂಗಿ. ಗಂಡ ತೀರಿದ ಮೇಲೆ ಅವನ ಊರು ಕಣಗಲಾದಿಂದ ತವರಿಗೆ ಬಂದಿದ್ದಳು. ಓದಿದ್ದು ನಾಲ್ಕನೆಯ ಇಯತ್ತೆ. ಅಪ್ಪ ಪಡಸಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದರೆ, ಒಳಗೆ ರೊಟ್ಟಿ ಬಡಿಯುತ್ತಲೇ ಅವಳು ಎಲ್ಲವನ್ನೂ ಕಲಿತಿದ್ದಳು.

ಸ್ವಾತಂತ್ರ್ಯ ಬಂದು ನಾಲ್ಕಾರು ವರ್ಷವಾಗಿರಬೇಕು. ಅಪ್ಪ ಪರೀಕ್ಷೆಯಲ್ಲಿ 99991ನ್ನು ಅಪವರ್ತನಗಳಾಗಿ ಒಡೆಯಿರಿ ಎಂದು ಕೇಳಿದ್ದರು. ಒಬ್ಬರಿಗೂ ಬಂದಿರಲಿಲ್ಲ. ಬೈಯುತ್ತ ಸೊನ್ನೆ ಹಾಕುತ್ತಿದ್ದ ಅವರ ಮುಂದೆ ತಾಟು ಇಟ್ಟು ಗಂಗತ್ತೆ ಅಂದಳು: "ಅಣ್ಣಾ, ಹುಡುಗೂರದೇನೂ ತಪ್ಪಿಲ್ಲ. ಅದು ಒಡಿಯೂದಿಲ್ಲ ಅನಸ್ತೈತಿ."

"ನೀ ಒಲಿ ಕಡೆ ನೋಡು ಗಂಗಾ," ಎಂದರು ಅಪ್ಪ.

ಮರುದಿನದಿಂದ ನನ್ನ ಪಾಟಿ ಅವಳದಾಯಿತು. ಎರಡು, ಮೂರು, ಐದು, ಏಳು, ಹನ್ನೊಂದು ಎಂದು, ತಾವೇ ಒಡೆಯದ ಸಂಖ್ಯೆಗಳಿಂದಷ್ಟೇ ಭಾಗಿಸುತ್ತ ಹೋದಳು. ಪ್ರತಿ ಸಲವೂ ಶೇಷ ಉಳಿಯುತ್ತಿತ್ತು. ಒರೆಸುವ ಕೆಲಸ ನನ್ನದು. ಎಂಟನೆಯ ದಿನ ಮುನ್ನೂರ ಹದಿಮೂರಕ್ಕೆ ಬಂದು ಬಳಪ ಕೆಳಗಿಟ್ಟಳು.

"ಇನ್ನೂ ಭಾಳ ಅದಾವಲ್ಲ ಅತ್ತಿ?"

"ಬ್ಯಾಡ ಯವ್ವಾ. ಮುಂದಿಂದು ಮುನ್ನೂರ ಹದಿನೇಳು, ಅದನ್ನ ಅದರಿಂದನ ಗುಣಿಸಿದ್ರ ಲಕ್ಷ ದಾಟತೈತಿ. ಇದಕ್ಕಿಂತ ದೊಡ್ಡದರಿಂದ ಭಾಗ ಹೋಗೂದಿದ್ರ, ಅದರ ಜೋಡಿ ಸಣ್ಣದಿರಬೇಕು. ಸಣ್ಣವೆಲ್ಲಾ ನೋಡಿ ಮುಗಿಸೇನಲ್ಲ?"

ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಆ ಭಾನುವಾರ ಅವಳ ಮಾತು ಕೇಳಿ ಅಪ್ಪ ಅರವತ್ತೈದು ಭಾಗಾಕಾರಗಳನ್ನೂ ತಾವೇ ಮಾಡಿ ನೋಡಿದರು. ಆಮೇಲೆ ಆ ಲೆಕ್ಕ ಆರಿಸಿಕೊಂಡಿದ್ದ ಪುಸ್ತಕ ತೆಗೆದರು. ಅಲ್ಲಿದ್ದದ್ದು 19999, ಏಳರಿಂದ ಸಲೀಸಾಗಿ ಒಡೆಯುವಂಥದ್ದು. ಅವರು ತಿರುವುಮುರುವಾಗಿ ಬರೆದುಕೊಂಡಿದ್ದರು. ಮರುದಿನ ತರಗತಿಯಲ್ಲಿ, "ತಪ್ಪು ನಂದು, ತೋರಿಸಿಕೊಟ್ಟಾಕಿ ನನ್ನ ತಂಗಿ," ಎಂದರಂತೆ. ಸಂಜೆ ಮನೆಗೆ ಬಂದವರೇ, "ಗಂಗಾ, ಮ್ಯಾಟ್ರಿಕ್ ಪರೀಕ್ಷಾಕ್ಕ ಕೂಡತೀಯೇನು?" ಎಂದು ಕೇಳಿದರು. ಅವಳು ಸೆರಗು ಬಾಯಿಗಿಟ್ಟು ನಕ್ಕಳು. ಕಣ್ಣು ಮಾತ್ರ ತುಂಬಿದ್ದವು.

ಕೂಡಲಾಗಲಿಲ್ಲ. ಆ ಬೇಸಿಗೆಯಲ್ಲಿ ಅವಳ ಅತ್ತೆ ಹಾಸಿಗೆ ಹಿಡಿದರು, ಕಣಗಲಾದವರು ಬಂದು ಕರೆದೊಯ್ದರು. ಅಪ್ಪ ತಡೆಯಲಿಲ್ಲ. ಆ ನೋವು ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಅಪ್ಪ ತೀರಿ, ಗೋಕಾಕದ ಮನೆ ಪರರ ಪಾಲಾಗಿ ಎಷ್ಟೋ ದಿನಗಳಾದ ಮೇಲೆ ನಾನು ಕಣಗಲಾಕ್ಕೆ ಹೋದೆ. ಗಂಗತ್ತೆ ಕಡ್ಡಿಯಾಗಿದ್ದಳು. ಕೈ ಹಿಡಿದು ಕೂರಿಸಿಕೊಂಡು ಮೆಲ್ಲಗೆ ಅಂದಳು: "ಲಕ್ಷದ ಮ್ಯಾಲ ಮೂರು ಐತೆಲ್ಲ, ಅದೂ ಒಡಿಯೂದಿಲ್ಲ. ನಿನ್ನ ಪಾಟಿ ಮ್ಯಾಲಿಂದಕ್ಕೂ ಇದಕ್ಕೂ ನಡುವಿನವು ಎಲ್ಲಾ ಒಡಿತಾವು."

"ಯಾರಿಗೂ ಹೇಳಲಿಲ್ಲೇನು ಅತ್ತಿ?"

"ಅಣ್ಣ ಹ್ವಾದಮ್ಯಾಲ ಮಾಡಿದ್ದವ್ವಾ. ಯಾರ ಮುಂದ ಹೇಳಲಿ?"

"ನನಗ ಹೇಳು," ಎಂದೆ.

ಅವಳು ಎರಡರಿಂದ ಶುರು ಮಾಡಿದಳು. ಶೇಷಗಳೆಲ್ಲ ಬಾಯಲ್ಲೇ ಇದ್ದವು. ಸಂಕೇಶ್ವರದ ಬಸ್ಸಿನ ಹೊತ್ತಾದಾಗ ನೂರಾ ಒಂದಕ್ಕೆ ಬಂದಿದ್ದೆವು. ಉಳಿದವನ್ನು ಮುಂದಿನ ಸಲ ಹೇಳುತ್ತೇನೆಂದಳು. ಮುಂದಿನ ಸಲ ನಾನು ಹೋದಾಗ ಅವಳಿರಲಿಲ್ಲ.