ಕಾಲುಸಂಕಕ್ಕೆ ಯಾವ ಮರ

ಸಾಗರದ ಮರದ ಡಿಪೋದಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಹೊಸನಗರದ ಕಡೆಯ ಅಂಗನವಾಡಿ ಟೀಚರೊಬ್ಬರು ಬಂದು, ಮಕ್ಕಳು ಹಳ್ಳ ದಾಟುವ ಕಾಲುಸಂಕ ಮುರಿದಿದೆ, ಹೊಸದಕ್ಕೆ ಮರ ಬೇಕು ಎಂದರು. ನಾನು ನುಣುಪಾದ ಹಲಗೆಯೊಂದನ್ನು ತಟ್ಟಿ, "ಗೆದ್ದಲು ಹಿಡಿಯದಂಗೆ ಔಷಧಿ ಹಾಕಿದ್ದು ಮೇಡಂ, ಎಲ್ಲದಕ್ಕೂ ಆಗುತ್ತೆ" ಎಂದೆ.

"ಜ್ವರಕ್ಕೂ ಗಾಯಕ್ಕೂ ಒಂದೇ ಔಷಧಿ ಕೊಡ್ತೀರಾ?" ಎನ್ನುತ್ತ ಅವರು ಹಲಗೆ ತಿರುಗಿಸಿದರು. ಹಿಂದೆ ಅಂಟಿಸಿದ್ದ ಚೀಟಿಯಲ್ಲಿ 'ಮನೆಯೊಳಗೆ ಮಾತ್ರ' ಎಂದಿತ್ತು. ನಾನು ಪೆಚ್ಚಾದೆ. ಅದನ್ನೇ ಕೊಟ್ಟಿದ್ದರೆ ಎರಡು ಮಳೆಗಾಲದೊಳಗೆ ಮಕ್ಕಳ ಕಾಲಡಿಯೇ ಕುಸಿಯುತ್ತಿತ್ತು.

ಹಿಂದಿನ ಶೆಡ್ಡಿಗೆ ಕರೆದೊಯ್ದು, ಒತ್ತಡ ಹಾಕಿ ಒಳಗಿನವರೆಗೂ ಔಷಧಿ ಕುಡಿಸಿದ, ನೀರಲ್ಲೇ ನಿಲ್ಲಬಲ್ಲ ಕಂಬ, ಹಲಗೆಗಳನ್ನು ತೋರಿಸಿದೆ. "ಕೊಯ್ದ ತುದಿಗೆ ಮತ್ತೆ ಔಷಧಿ ಬಳೀಬೇಕು" ಎಂದು ಈ ಸಲ ನಾನೇ ಮುಂದಾಗಿ ಹೇಳಿದೆ. ಅವರು ತಲೆಯಾಡಿಸಿದರು.

"ಕೈ ಹಿಡಿಯೋ ಕಂಬಿಗೂ ಇದನ್ನೇ ಕೊಡ್ಲಾ?"

"ಬೇಡ, ಅದಕ್ಕೆ ಔಷಧಿ ಇಲ್ಲದ್ದೇ ಕೊಡಿ. ನಮ್ಮ ಮಕ್ಕಳು ನೆಕ್ತಾವೆ."

"ಮರ ಯಾರು ನೆಕ್ತಾರೆ ಮೇಡಂ?"

"ನೀವು ಚಿಕ್ಕವರಿದ್ದಾಗ ಏನೂ ನೆಕ್ಕಿಲ್ವಾ?"

ಸ್ಲೇಟನ್ನು ನೆಕ್ಕಿ ಒರೆಸಿಯೇ ಅಕ್ಷರ ಕಲಿತವನು ನಾನು. ಔಷಧಿಯಿಲ್ಲದೆಯೂ ಮಳೆ ತಾಳುವ ಹಲಸಿನ ಮರ ತೆಗೆದುಕೊಟ್ಟೆ.