ಗರುಡ ಬಂದಾಗ ಕಣ್ಣು ಬಿಡಿ

"ಕೀ...ಯ್ಯಾ!" ಮಗುವೊಂದು ಮೂಗಿನಲ್ಲಿ ಅತ್ತ ಹಾಗಿತ್ತು ಆ ಹಕ್ಕಿಯ ಕೂಗು. ಕಳೆದ ಜುಲೈನ ಚಳಿಗಾಲ ಎಂದರೆ ನನಗೆ ಮೊದಲು ಕೇಳಿಸುವುದು ಅದೇ. (ಹೌದು, ಜುಲೈ. ಆಸ್ಟ್ರೇಲಿಯಾದ ಈ ಬ್ರಿಸ್ಬೇನ್‌ನಲ್ಲಿ ಎಲ್ಲವೂ ಉಲ್ಟಾ.)

ಕೂಗು ಕೇಳಿದರೆ ಸಾಕು, ಫಾರೆಸ್ಟ್ ಲೇಕ್ ದಂಡೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಶಾಂತಾ ಎದ್ದು ನಿಲ್ಲುತ್ತಿದ್ದರು. ಮೈಸೂರಿನವರು, ವಿಸಿಟರ್ ವೀಸಾದಲ್ಲಿ ಮಗನ ಮನೆಗೆ ಬಂದವರು. ಮೊಮ್ಮಗಳು ಅನಿಕಾಗೆ ಏಳು ವರ್ಷ. ಅಜ್ಜಿಯ ಇಂಗ್ಲಿಷ್ ಅಷ್ಟಕ್ಕಷ್ಟೆ. ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಇಬ್ಬರಿಗೂ ಕಾಮನ್ ಆಗಿದ್ದದ್ದು ಆ ಹಕ್ಕಿಯೊಂದೇ.

"ಬಾಲ್ಡ್ ಈಗಲ್!" ಬಿಳಿ ತಲೆ ನೋಡಿ ಕಿರುಚುತ್ತಿದ್ದಳು ಅನಿಕಾ.

"ಅಲ್ವೇ ಪುಟ್ಟಿ, ನಮ್ಮ ಗರುಡ."

ಅಜ್ಜಿಯದೇ ಸರಿ. ಬಾಲ್ಡ್ ಈಗಲ್ ನೋಡಲು ಅಮೆರಿಕಕ್ಕೆ ಹೋಗಬೇಕು.

ಗರುಡ ಎರಗಿ ಮೀನು ಎತ್ತುವುದನ್ನು ಅಜ್ಜಿಗೆ ತೋರಿಸಲೇಬೇಕೆಂದು ಅನಿಕಾಳ ಹಟ. ಶಾಂತಾರಿಗೂ ಅದೇ ಆಸೆ. "ಊರಿಗೆ ಹೋದ್ಮೇಲೆ ಫೋನಲ್ಲಿ ಹಾಯ್ ಅಜ್ಜಿ, ಬೈ ಅಜ್ಜಿ, ಅಷ್ಟೇ ರೀ. ಇಬ್ರೂ ಒಟ್ಟಿಗೆ ನೋಡಿದ್ದು ಅಂತ ಒಂದಾದ್ರೂ ಇದ್ರೆ ಮಾತಾಡೋಕೆ ಏನಾದ್ರೂ ಇರತ್ತೆ."

ಆದರೆ ಆಗುತ್ತಿದ್ದುದೇನು? ಗರುಡ ಇಳಿಯುತ್ತಿದ್ದ ಹಾಗೇ ಶಾಂತಾರ ಕೈ ಮುಗಿಯುತ್ತಿತ್ತು, ಕಣ್ಣು ಮುಚ್ಚುತ್ತಿತ್ತು. ಕೆನ್ನೆ ತಟ್ಟಿಕೊಂಡು ಕಣ್ಣು ಬಿಡುವಷ್ಟರಲ್ಲಿ ಮೀನೂ ಇಲ್ಲ, ಗರುಡನೂ ಇಲ್ಲ.

"ಅಜ್ಜೀ! ಯೂ ಮಿಸ್ಡ್ ಇಟ್ ಅಗೇನ್!"

"ಏನ್ಮಾಡ್ಲಿ ಕಣೇ, ತಾನಾಗೇ ಮುಚ್ಕೊಳತ್ತೆ!"

(ನಗಬೇಡಿ. ಕಾನ್ವೆಂಟಿನಲ್ಲಿ ಓದಿದ ನನ್ನ ಕಣ್ಣೂ "ಲೆಟ್ ಅಸ್ ಪ್ರೇ" ಅಂದರೆ ಇಂದಿಗೂ ಮುಚ್ಚಿಕೊಳ್ಳುತ್ತದೆ.)

ಊರಿಗೆ ಹೊರಡುವ ಹಿಂದಿನ ದಿನ, ಇಳಿಬಿಸಿಲು. ಗರುಡ ಕೆರೆಯ ಮೇಲೆ ಸುತ್ತು ಹಾಕತೊಡಗಿತು. ಶಾಂತಾರ ಕೈ ಮೇಲೇಳುವ ಮೊದಲೇ ಅನಿಕಾ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನೋ ನಮಸ್ತೆ, ಅಜ್ಜಿ!"

"ಬಿಡೇ, ಪಾಪ ಬರತ್ತೆ!"

"ನೋಡು! ಅಜ್ಜಿ, ನೋಡು!"

ಬಾಯಿಗೆ ಬರದ ಕನ್ನಡ ಬಂದೇಬಿಟ್ಟಿತ್ತು. ಶಾಂತಾ ನೋಡಿದರು. ಕಂದು ರೆಕ್ಕೆ ನೀರನ್ನು ಸವರಿದ ಹಾಗಾಯಿತು, ಉಗುರಿನಲ್ಲಿ ಬೆಳ್ಳಗೆ ಏನೋ ಒದ್ದಾಡಿತು.

"ಅಯ್ಯೋ, ಎತ್ಕೊಂಡೇ ಹೋಯ್ತಲ್ಲೇ!"

ಈ ಚಳಿಗಾಲ ಶಾಂತಾ ಬರಲಿಲ್ಲ. ಮೊಣಕಾಲು ಬಿಡಲಿಲ್ಲವಂತೆ. ನಾನು ಅವರನ್ನು ಕೊನೆಯದಾಗಿ ನೋಡಿದ್ದು ಅಂದೇ, ಹಾಗೇ: ಕೈ ಎರಡೂ ಮೊಮ್ಮಗಳ ಸೆರೆಯಲ್ಲಿ, ಬಾಯಿ ತೆರೆದು, ರೆಪ್ಪೆ ಮಿಟುಕಿಸದೆ.

ಪಾಪವಂತೆ! ಎದುರಿಗೇ ಬಂದ ದೇವರನ್ನು ಕಣ್ತುಂಬ ನೋಡುವುದು ಯಾವ ಊರಿನ ಪಾಪ?